ಬೈದವರ ಮೂಲೆ

ಬಾಯಿ ಹರಿಬಿಟ್ಟವರನ್ನು ದಾರಿಗೆ ತರುವುದಕ್ಕೂ ಸಂಬಳ ಕೊಡುತ್ತಾರೆಂದರೆ ಹಿಂದಿನವರು ಬಿದ್ದುಬಿದ್ದು ನಗುತ್ತಿದ್ದರೇನೋ. ಟಯರ್ ಅಂಗಡಿಯ ಮೇಲಿನ ಆಫೀಸಿನಲ್ಲಿ ಆಟದವರೆಲ್ಲ ಮೂಲೆಯಕ್ಕ ಎಂದು ಕರೆಯುತ್ತಿದ್ದ ಹೆಂಗಸು ಮಾಡುತ್ತಿದ್ದುದು ಅದೇ ಕೆಲಸ. ಆ ಆಫೀಸಿನವರದ್ದು ಆನ್‌ಲೈನಿನಲ್ಲಿ ಆಡುವ ಕೋಟೆ ಕಾಳಗದ ಆಟ. ಆಡುವವರು ಕತ್ತಿಗಿಂತ ನಾಲಿಗೆಯನ್ನೇ ಹೆಚ್ಚು ಬೀಸುತ್ತಿದ್ದರು. ಹೊಸದಾಗಿ ಬಂದವರು ಅಳುತ್ತ ಓಡಿಹೋಗುತ್ತಿದ್ದರು.

ಬೈದವರನ್ನು ಆಟದಿಂದ ಹೊರಹಾಕುವುದು ಅಲ್ಲಿಯ ಪದ್ಧತಿ. ಅವರು ಬೇರೆ ಹೆಸರು ಹೊತ್ತು ಒಳಗೆ ಬಂದು ಇಮ್ಮಡಿ ಬೈಯುತ್ತಿದ್ದರು. ಅಕ್ಕ ಮೊದಲು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಂಡಿದ್ದವಳು. ಅವಳಿಗೆ ಗೊತ್ತಿದ್ದ ಶಿಕ್ಷೆ ಒಂದೇ. ಬೈದವರ ಆಯುಧ ಕಿತ್ತುಕೊಂಡು, ಕೋಟೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.

ನಿಂತವರು ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದಾರು? ಮೈಕಿನಲ್ಲಿ ಮಾತು ಶುರುವಾಯಿತು. ಒಬ್ಬನಿಗೆ ಹಲ್ಲುನೋವು, ಇನ್ನೊಬ್ಬಳಿಗೆ ನಾದಿನಿಯ ಕಾಟ. ಗೋಡೆಗೆ ಹೇಳಿಕೊಂಡರೆ ಎದೆ ಹಗುರ. ಸುದ್ದಿ ಹಬ್ಬಿದ್ದೇ ತಡ, ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದ ಸಾಧುಗಳು ಒಂದೊಂದು ಬೈಗುಳ ಕಲಿತು, "ಅಕ್ಕಾ, ಬೈದಿದ್ದೀನಿ, ಬೇಗ ಕಳಿಸಿ" ಎಂದು ಸಾಲುಗಟ್ಟಿದರು. ಮೈದಾನ ಬಿಕೋ ಎನ್ನತೊಡಗಿತು. ರಣಕಹಳೆ ತನ್ನಷ್ಟಕ್ಕೆ ಊದಿಕೊಂಡು ನಾಚಿ ಸುಮ್ಮನಾಗುತ್ತಿತ್ತು.

ಮ್ಯಾನೇಜರು ಕೆಂಡವಾದರು. "ಏನಮ್ಮಾ, ನಾವು ಯುದ್ಧ ಮಾಡಿಟ್ರೆ ನೀವು ಹರಟೆಕಟ್ಟೆ ಮಾಡಿದ್ದೀರಲ್ಲ. ಇವತ್ತು ಮೈದಾನ ತುಂಬಬೇಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ."

ಅಕ್ಕನ ಗಂಡ ಗಡಿಯಾರ ರಿಪೇರಿಯವನು. ಅವನ ಅಂಗಡಿಗೆ ಈಗ ಟೈಮ್ ಕೇಳುವವರೂ ಬರುತ್ತಿರಲಿಲ್ಲ. ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಅಕ್ಕನ ಸಂಬಳದಿಂದಲೇ. ಅವಳು ತಾನೇ ಆಟದೊಳಗೆ ಇಳಿದು ಮೂಲೆಗೆ ನಡೆದಳು.

"ಎಲ್ಲಾ ಹೊರಡ್ರಪ್ಪಾ. ಶಿಕ್ಷೆ ಮುಗೀತು, ನಿಮ್ಮ ನಿಮ್ಮ ಆಯುಧ ತಗೊಳ್ಳಿ."

"ಏನು ತಪ್ಪು ಮಾಡಿದ್ವಿ ಅಂತ ಬಿಡುಗಡೆ?" ಎಂದ ಕೊಡಲಿ ಎಂಬ ಅಡ್ಡಹೆಸರಿನವನು. ಒಂದು ಕಾಲಕ್ಕೆ ಅವನ ಬಾಯಿಗೆ ಹೆದರಿ ಅರ್ಧ ಆಟವೇ ಖಾಲಿಯಾಗಿತ್ತು. "ನಮ್ಮ ನಾಯಿ ವಿಷಯ ಈಗಿನ್ನೂ ಶುರು ಮಾಡಿದ್ದೆ."

"ನೀವು ಹೋಗಿ ಹೊಡೆದಾಡದಿದ್ರೆ ನನ್ನ ಕೆಲಸ ಹೋಗುತ್ತೆ ಕಣೋ."

ಕೊಡಲಿಯೇ ಮೊದಲು ತಿರುಗಿದ. "ಮೊದಲೇ ಹೇಳೋದಲ್ವಾ? ನಡೀರಿ, ಅಕ್ಕನಿಗೋಸ್ಕರ ಒಂದು ಯುದ್ಧ ಮಾಡಿಬಿಡೋಣ."

ಮೈದಾನ ತುಂಬಿತು. ಕತ್ತಿಗಳು ಮೇಲೆದ್ದವು.

"ಹೊಡೀಲಾ ಅಣ್ಣಾ?"

"ಹೊಡಿಯಮ್ಮ. ಬಲಗೆನ್ನೆ ಬೇಡ, ಹಲ್ಲುನೋವು."

ಆಚೆ ಕೊಡಲಿ ಹೊಸಬನೊಬ್ಬನಿಗೆ ತನ್ನ ಏಟನ್ನೇ ಹೇಗೆ ತಡೆಯಬೇಕೆಂದು ಗುರಾಣಿ ಹಿಡಿಸಿ ಕಲಿಸುತ್ತಿದ್ದ. ಹುಡುಗ ಸರಿಯಾಗಿ ತಡೆದಾಗ ಎರಡೂ ಸೈನ್ಯದವರು ಶಹಭಾಸ್ ಎಂದರು.

ಮ್ಯಾನೇಜರು ಪರದೆಯನ್ನು ಬಹಳ ಹೊತ್ತು ನೋಡಿದರು. ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಇನ್ನು ಅಕ್ಕನನ್ನು ಮನೆಗೆ ಕಳಿಸುವ ಮಾತು ಎತ್ತುವ ಹಾಗಿರಲಿಲ್ಲ.

"ಜನ ಏನೋ ತುಂಬಿದ್ದಾರಮ್ಮ," ಎಂದರು ಕೊನೆಗೆ. "ಆದ್ರೆ ಯಾರೂ ಸಾಯ್ತಾನೇ ಇಲ್ಲವಲ್ಲ?"

"ಸಾಯ್ತಾರೆ ಸರ್, ಸ್ವಲ್ಪ ತಡೀರಿ," ಎಂದಳು ಅಕ್ಕ. "ನೀವು ಮೊದಲು, ನೀವು ಮೊದಲು ಅಂತ ಮಾತುಕತೆ ನಡೀತಿದೆ."