ಜನವರಿ ಒಂದರಂದು ಹುಟ್ಟಿದವರು

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಚಿಕ್ಕಬಳ್ಳಾಪುರದಲ್ಲಿ ಮೂತ್ರಪಿಂಡದ ಅಧ್ಯಯನವೊಂದರ ಕಚೇರಿಗೆ ಸೇರಿದಾಗ, ತಪ್ಪು ಮಾತಾಡಬಾರದು ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಹಳ್ಳಿಗಳಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳ ವಿವರವನ್ನೂ ಪ್ರಯೋಗಾಲಯದ ಫಲಿತಾಂಶವನ್ನೂ ಅಲ್ಲಿ ಒಂದು ಸಾಫ್ಟ್‌ವೇರ್ ಜೋಡಿಸುತ್ತಿತ್ತು. ಒಬ್ಬರೇ ಎರಡು ಸಲ ನೋಂದಣಿಯಾಗಿರುವ ಅನುಮಾನ ಬಂದರೆ ಎರಡೂ ದಾಖಲೆಗಳನ್ನು ಅಕ್ಕಪಕ್ಕ ತೋರಿಸುತ್ತಿತ್ತು. ಅವನ್ನು ಒಂದಾಗಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ನನ್ನ ಕೆಲಸ.

ಜಂಗಮಕೋಟೆ ಕಡೆಯ ಹಳ್ಳಿಯೊಂದರಿಂದ ಅಂಥ ಜೋಡಿ ಬಂತು. ಹತ್ತು ದಿನಗಳ ಅಂತರದಲ್ಲಿ ತೆಗೆದ ಎರಡು ಮಾದರಿ. ಒಂದೇ ಹೆಸರು, ಒಂದೇ ಮನೆ, ಒಂದೇ ಫೋನ್ ನಂಬರು. ಹುಟ್ಟಿದ್ದು ಒಂದೇ ವರ್ಷದ ಜನವರಿ ಒಂದರಂದು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಆಧಾರ್ ಕಾರ್ಡಿನಲ್ಲಿ ಜನವರಿ ಒಂದನ್ನೇ ಬರೆಯುತ್ತಾರೆ. ಗೌರಿಬಿದನೂರಿನಲ್ಲಿರುವ ನನ್ನ ಅಮ್ಮನಿಗೂ ಸೋದರತ್ತೆಗೂ ಅದೇ ದಿನ. ಒಬ್ಬಳೇ ಅಜ್ಜಿಯ ಹೆಸರನ್ನು ಹೊತ್ತ ಇಬ್ಬರು ಮೊಮ್ಮಕ್ಕಳು ಒಂದೇ ಮನೆಗೆ ಸೊಸೆಯರಾಗಿ ಹೋಗುವುದೂ ನನಗೆ ಹೊಸದಲ್ಲ. ಗಂಡನ ಹೆಸರನ್ನು ಆ ಸಾಫ್ಟ್‌ವೇರ್ ಕೇಳುತ್ತಿರಲಿಲ್ಲ.

ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ವಿಡಿಯೋ ಸಭೆ ನಡೆಸುತ್ತಿದ್ದ ಮೇಲಧಿಕಾರಿ, ನನಗೆ ಮಾತ್ರ ಕನ್ನಡದಲ್ಲಿ, "ನಾಲ್ಕೂ ಮ್ಯಾಚ್ ಆಗ್ತಿದೆಯಲ್ಲಮ್ಮ, ಇನ್ನೇನು ಡೌಟು?" ಎಂದರು.

ಇದನ್ನೆಲ್ಲ ಅಷ್ಟು ಜನರೆದುರು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ತೋಚಲಿಲ್ಲ. ಹೇಳಿದರೆ ನಾನೆಂಥ ಮನೆಯವಳೆಂದು ತಿಳಿದುಬಿಡುತ್ತದೆ ಎಂಬ ಅಳುಕೂ ಇತ್ತು. "ನೋ ಡೌಟ್, ಸರ್" ಎಂದು ಒಂದಾಗಿಸಿದೆ. ಕೊನೆಯ ಫಲಿತಾಂಶವನ್ನಷ್ಟೇ ಉಳಿಸಿಕೊಂಡ ಸಾಫ್ಟ್‌ವೇರ್, ವರದಿ ಸಹಜವಾಗಿದೆ ಎಂಬ ಸಂದೇಶವನ್ನು ಆ ಮನೆಯ ಫೋನಿಗೆ ಕಳುಹಿಸಿತು.

ಆರು ತಿಂಗಳ ನಂತರ, ಎರಡನೇ ಸುತ್ತಿನ ಸಂಗ್ರಹಕ್ಕೆ ನಾನೂ ಹೋದೆ. ಆ ಮನೆಯಲ್ಲಿ ಇಬ್ಬರು ವಾರಗಿತ್ತಿಯರು ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಹೆಸರು ಕರೆದೆ. ಇಬ್ಬರೂ ತಲೆಯೆತ್ತಿದರು.

"ಯಾರು ಬೇಕಮ್ಮ, ದೊಡ್ಡೋಳಾ, ಚಿಕ್ಕೋಳಾ? ನಮ್ಮತ್ತೆ ಕೂಗೋದೇ ಹಂಗೆ," ಎಂದು ಕಿರಿಯವರು ನಕ್ಕರು.

ಹಿರಿಯವರ ಪಾದಗಳು ಊದಿದ್ದವು. "ಮಂಡಿನೋವಿಗೆ ದಿನಾ ಮಾತ್ರೆ ತಗೋತೀನಿ ಕಣಮ್ಮ. ಎಲ್ಲಾ ಚೆನ್ನಾಗೈತೆ ಅಂತ ನೀವೇ ಮೆಸೇಜ್ ಹಾಕಿದ್ರಲ್ಲ, ಅದಕ್ಕೇ ನಿಲ್ಲಿಸ್ಲಿಲ್ಲ," ಎಂದರು.

ಕಚೇರಿಗೆ ಬಂದು ದಾಖಲೆಗಳನ್ನು ಬೇರ್ಪಡಿಸಿದೆ. ಮರೆಯಾಗಿದ್ದ ಹಿರಿಯವರ ಮೊದಲ ಫಲಿತಾಂಶ ಕಾಣಿಸಿತು. ಮೂತ್ರಪಿಂಡ ಆಗಲೇ ಸೋಲತೊಡಗಿತ್ತು. ನೋವಿನ ಮಾತ್ರೆ ಅಂದೇ ನಿಲ್ಲಬೇಕಿತ್ತು. ಹೊಸ ಮಾದರಿಯ ಫಲಿತಾಂಶ ಅದಕ್ಕಿಂತ ಬಹಳ ಕೆಟ್ಟದಾಗಿ ಬಂತು. ತಿದ್ದುಪಡಿಗೆ ಸಾಫ್ಟ್‌ವೇರ್ ಕಾರಣ ಕೇಳಿದಾಗ, ಪಟ್ಟಿಯಲ್ಲಿದ್ದ 'ಮಾಹಿತಿಯ ಕೊರತೆ'ಯನ್ನು ಆರಿಸಲು ಮೇಲಧಿಕಾರಿ ಸೂಚಿಸಿದರು. ನನ್ನಲ್ಲಿ ಮಾಹಿತಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಅದನ್ನೇ ಆರಿಸಿದೆ.

ಹಿರಿಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಮರುದಿನ ಮತ್ತೆ ಹೋಗಿ, ಎರಡೂ ಫಲಿತಾಂಶಗಳನ್ನು ತಿಳಿಸಿದೆ.

"ಹಂಗಾದ್ರೆ ಆವತ್ತೇ ಗೊತ್ತಾಗ್ಬೇಕಿತ್ತಾ?" ಎಂದು ಕೇಳಿದರು.

"ಕಂಪ್ಯೂಟರಿನಲ್ಲಿ ತಪ್ಪಾಗಿತ್ತಮ್ಮ," ಎಂದೆ.

"ಹೋಗ್ಲಿ ಬಿಡು, ಅದಕ್ಕೆ ನೀನೇನ್ ಮಾಡ್ತೀಯಾ," ಎಂದು ನನ್ನನ್ನೇ ಸಮಾಧಾನಪಡಿಸಿ, ಸೀರೆ ಬದಲಿಸಲು ಒಳಗೆ ಹೋದರು.