ಒಂಬತ್ತನೇ ದಿನ ಬಂದ ಫೋನು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕಟ್ಟುಹಲ್ಲು ಮಾಡುವವರು. ಡಾಕ್ಟರಲ್ಲ. ಡಾಕ್ಟರು ಅಚ್ಚು ತೆಗೆದು ಕೊಟ್ಟ ಮೇಲೆ ಹಿಂದಿನ ಕೋಣೆಯಲ್ಲಿ ಕೂತು, ಮೇಣದ ಮೇಲೆ ಒಂದೊಂದೇ ಹಲ್ಲು ಜೋಡಿಸುವ ಕೆಲಸ ಅವರದು. ಇಪ್ಪತ್ತೆರಡು ವರ್ಷಗಳಿಂದ ಊರವರ ಬಾಯಿ ತುಂಬಿಸುತ್ತಿರುವ ಈ ಮಹಾನುಭಾವರ ಸ್ವಂತ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನಮ್ಮ ಜೀವ ಹೋಗಿ ಬರುತ್ತದೆ. ಎದುರಿಗೆ ಬಂದವರ ಮುಖ ನೋಡುವುದಿಲ್ಲ, ಹಲ್ಲು ನೋಡುತ್ತಾರೆ. ನಾನು ಒಮ್ಮೆ ಬಹಳ ಮೆಚ್ಚಿಕೊಂಡು ಒಬ್ಬನನ್ನು ಮನೆಗೆ ಕರೆತಂದು, ಅವನು ಹೋದ ಮೇಲೆ "ಹೇಗಿದ್ದಾನೆ ಭಾವ?" ಎಂದು ಕೇಳಿದ್ದೆ. "ಕೆಳಗಿನ ಸಾಲು ಸ್ವಲ್ಪ ಇಕ್ಕಟ್ಟು" ಎಂದರು. ಅಷ್ಟೇ. ಅವನನ್ನು ನಾನು ಬಿಟ್ಟದ್ದು ಬೇರೆ ಕಾರಣಕ್ಕೆ, ಆ ಮಾತು ಇಲ್ಲಿ ಬೇಡ.

ಭಾವ ಕೆಲಸ ಮಾಡುತ್ತಿದ್ದ ಹಳೆಯ ಲ್ಯಾಬು ಮುಚ್ಚಿಹೋಯಿತು. ಹತ್ತು ತಿಂಗಳು ಮನೆಯಲ್ಲೇ ಕೂತರು. ಸೋರುವ ನಲ್ಲಿ, ಬಾಗಿಲ ಚಿಲಕ, ಕುಕ್ಕರಿನ ಹಿಡಿ ಎಲ್ಲ ರಿಪೇರಿಯಾಯಿತು. ಕೆಡದೇ ಇದ್ದ ಗಡಿಯಾರವನ್ನೂ ಬಿಚ್ಚಿ ಹರಡಿದ ದಿನ ಅಕ್ಕ ಎರಡೂ ಕೈ ಎತ್ತಿ ಮುಗಿದಳು. ಹೋಗದ ಆಸ್ಪತ್ರೆಯಿಲ್ಲ, ಅರ್ಜಿ ಕೊಡದ ಕ್ಲಿನಿಕ್ಕಿಲ್ಲ. ಕೊನೆಗೆ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡೇ ಕೋಣೆಯ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರಮ್ಮ ಕರೆದರು. ಅವರ ಬಳಿ ಹಲ್ಲು ಮಾಡುತ್ತಿದ್ದ ಮುದುಕರು ಕೈ ನಡುಗತೊಡಗಿದ್ದರಿಂದ ಕೆಲಸ ನಿಲ್ಲಿಸಿದ್ದರು. ಎಂಟು ಜನರ ಹಲ್ಲಿನ ಸೆಟ್ಟು ಅರ್ಧಕ್ಕೇ ನಿಂತಿತ್ತು. ಆ ಜಾಗಕ್ಕೆ ಬಂದವರು ಇಬ್ಬರು, ನಮ್ಮ ಭಾವ ಮತ್ತು ಒಬ್ಬ ಹೆಂಗಸು. ಡಾಕ್ಟರಮ್ಮ ಇಬ್ಬರಿಗೂ ಒಂದೊಂದು ಸಾಲು ಹಲ್ಲು ಜೋಡಿಸಲು ಕೊಟ್ಟು ನೋಡಿ ಭಾವನನ್ನು ಆರಿಸಿಕೊಂಡರು. ಅವತ್ತು ನಮ್ಮ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಕೆಲಸಕ್ಕೆ ಸೇರಿದ ಒಂಬತ್ತನೇ ದಿನ, ಮಂಗಳವಾರ, ದೊಡ್ಡ ಆಸ್ಪತ್ರೆಯಿಂದ ಫೋನು ಬಂತು. ಐದು ತಿಂಗಳ ಹಿಂದೆ ಸಂದರ್ಶನ ಮಾಡಿ ಮರೆತೇಬಿಟ್ಟಿದ್ದವರು ಈಗ ಎದ್ದಿದ್ದರು! ಸಂಬಳ ಒಂದೂವರೆ ಪಟ್ಟು, ವಾರಕ್ಕೆ ಎರಡು ದಿನ ರಜೆ. ಅದೆಲ್ಲ ಇರಲಿ, ಮನೆಯವರಿಗೆ ಚಿಕಿತ್ಸೆ ಪೂರ್ತಿ ಉಚಿತ. ಅಕ್ಕ ಮೂರು ವರ್ಷದಿಂದ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತಿದ್ದಾಳೆ. ಮಂಡಿಗೆ ಆಪರೇಷನ್ ಆಗಲೇಬೇಕು ಎಂದು ಹೇಳಿದವರಿಗೆ ಲೆಕ್ಕವಿಲ್ಲ, ಮಾಡಿಸುವ ಶಕ್ತಿ ನಮಗಿರಲಿಲ್ಲ. ಶುಕ್ರವಾರದೊಳಗೆ ಉತ್ತರ ಹೇಳಬೇಕಿತ್ತು.

"ಇನ್ನೇನು ಯೋಚನೆ ಭಾವ? ಹೂಂ ಅನ್ನಿ," ಎಂದೆ.

"ಡಾಕ್ಟರಮ್ಮಂಗೆ ಏನಂತ ಹೇಳೋದು?"

"ಏನೂ ಹೇಳ್ಬೇಡಿ. ಸೋಮವಾರದಿಂದ ಹೋಗ್ಬೇಡಿ, ಫೋನ್ ಎತ್ಬೇಡಿ, ಮುಗೀತು. ಒಂಬತ್ತು ದಿನಕ್ಕೆ ಎಂಥಾ ನಂಟು?"

ನಾನೇ ಎರಡು ಕಡೆ ಕೆಲಸ ಹೀಗೆ ಬಿಟ್ಟು ಬಂದವಳು, ಆದ್ದರಿಂದ ಉಪದೇಶ ಸರಾಗವಾಗಿ ಬಂತು. ಅಕ್ಕ ಕಣ್ಣು ಕೆಂಪಗೆ ಮಾಡಿದಳು. "ಸುಮ್ನಿರೆ ನೀನು! ರೀ, ನಿಮಗೆ ಹೇಗೆ ಸರಿ ಕಾಣತ್ತೋ ಹಾಗೆ ಮಾಡಿ. ನನ್ನ ಮಂಡಿ ವಿಷಯ ಇದರಲ್ಲಿ ತರಬೇಡಿ."

ಭಾವ ತಟ್ಟೆ ತೊಳೆದಿಟ್ಟು ಹೊರಗೆ ಹೋಗಿ ಕೂತರು. ಬುಧವಾರ ಆಸ್ಪತ್ರೆಗೆ ಉತ್ತರ ಹೇಳುತ್ತಾರೆ ಎಂದುಕೊಂಡೆವು, ಹೇಳಲಿಲ್ಲ. ಹೀಗೆ ಮೀನಮೇಷ ಎಣಿಸುತ್ತ ಕೂತರೆ ಆಸ್ಪತ್ರೆಯವರು ಇನ್ನೊಬ್ಬರನ್ನು ಕರೆಯುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗುರುವಾರ ಊಟದ ಡಬ್ಬಿ ಮರೆತು ಹೋಗಿದ್ದರು. ಕೊಡಲು ಹೋದೆ, ಆದ್ದರಿಂದ ಮುಂದಿನದು ನಾನೇ ಕಣ್ಣಾರೆ ಕಂಡದ್ದು. ಕುರ್ಚಿಯಲ್ಲಿ ನಿವೃತ್ತ ಹೆಡ್‌ಮೇಡಂ ಒಬ್ಬರು ಕೂತಿದ್ದರು. ಹಲ್ಲನ್ನು ಗಟ್ಟಿ ಮಾಡುವ ಮೊದಲು ಮೇಣದಲ್ಲೇ ಒಮ್ಮೆ ಬಾಯಿಗೆ ಹಾಕಿ ನೋಡುವ ಪದ್ಧತಿ ಇದೆ. ಡಾಕ್ಟರಮ್ಮ ಹಾಕಿದರು. ಹೆಡ್‌ಮೇಡಂ ಕನ್ನಡಿ ಹಿಡಿದು ತುಟಿ ಬಿಡಿಸಿದರು. "ಅಯ್ಯೋ! ನಾನೇನು ಯಾರನ್ನಾದ್ರೂ ಕಚ್ಚೋಕೆ ಹೊರಟಿದೀನಾ?"

ಭಾವ ಕೋರೆಹಲ್ಲುಗಳನ್ನು ಅದಲುಬದಲು ಮಾಡಿದ್ದರು. ಬಲಗಡೆಯದು ಎಡಕ್ಕೆ, ಎಡಗಡೆಯದು ಬಲಕ್ಕೆ. ಕೆಲಸ ಕಲಿಯುವವರು ಮೊದಲ ವಾರ ಮಾಡುವ ತಪ್ಪು. ಡಾಕ್ಟರಮ್ಮ ನಕ್ಕುಬಿಟ್ಟರು, ಹೆಡ್‌ಮೇಡಂ ಕೂಡ ಮೇಣದ ಹಲ್ಲು ತೆಗೆದು ಬೊಚ್ಚುಬಾಯಲ್ಲೇ ನಕ್ಕರು. ಭಾವನ ಮುಖ ಮಾತ್ರ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತ್ತು.

ಹೆಡ್‌ಮೇಡಂ ಹೋದ ಮೇಲೆ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. "ಇದು ನಿಮ್ಮ ಕೈ ಮಾಡೋ ತಪ್ಪಲ್ಲ. ಮನೇಲಿ ಏನಾದ್ರೂ ತೊಂದರೆನಾ?"

ಭಾವ ನನ್ನ ಕಡೆ ನೋಡಿದರು. ನಾನು ಡಬ್ಬಿಯ ಮುಚ್ಚಳ ನೋಡಿದೆ. ಕಾಲಿಗೆ ಬುದ್ಧಿ ಹೇಳೋಣ ಎನಿಸಿತು, ಆದರೆ ಬಾಗಿಲು ಡಾಕ್ಟರಮ್ಮನ ಬೆನ್ನ ಹಿಂದಿತ್ತು. ಭಾವ ಎಲ್ಲ ಹೇಳಿದರು, ದೊಡ್ಡ ಆಸ್ಪತ್ರೆ, ಮಂಡಿ, ಶುಕ್ರವಾರ.

ಡಾಕ್ಟರಮ್ಮನ ನಗು ನಿಂತಿತು. "ನಂಗೆ ಬೇಜಾರಾಯ್ತು. ಆಗಿಲ್ಲ ಅಂತ ಸುಳ್ಳು ಹೇಳಲ್ಲ. ನಿಮ್ಮನ್ನ ನಂಬಿ ಎಂಟು ಜನಕ್ಕೆ ದಿನ ಕೊಟ್ಟಿದ್ದೀನಿ. ಅವರೆಲ್ಲ ಗಂಜಿ ಕುಡ್ಕೊಂಡು ಕೂತಿದ್ದಾರೆ."

"ಎಂಟೂ ಮುಗಿಸಿಯೇ ಹೋಗ್ತೀನಿ ಅಮ್ಮಾ. ಈ ಜಾಗಕ್ಕೆ ಕೈ ಚೆನ್ನಾಗಿರೋ ಒಬ್ಬರನ್ನ ನಾನೇ ಹುಡುಕಿ, ಜೊತೇಲಿ ಕೂರಿಸ್ಕೊಂಡು ತೋರಿಸಿಕೊಡ್ತೀನಿ. ಅಲ್ಲೀವರೆಗೂ ಕಾಯೋಕೆ ಆಗಲ್ಲ ಅಂತ ಆಸ್ಪತ್ರೆಯವರು ಅಂದ್ರೆ, ನಾನು ಹೋಗಲ್ಲ."

ಅಕ್ಕನ ಮಂಡಿಯನ್ನು ಈ ಮನುಷ್ಯ ಒಂದೇ ವಾಕ್ಯದಲ್ಲಿ ತೂಗುಗತ್ತಿಯ ಕೆಳಗಿಟ್ಟಿದ್ದರು! ದಾರಿಯುದ್ದಕ್ಕೂ ಬೈದುಕೊಂಡೇ ಮನೆಗೆ ಬಂದೆ.

ಅವತ್ತೇ ಸಂಜೆ ಭಾವ ಅಡುಗೆಮನೆಯ ಮೇಜಿನ ಮುಂದೆ ಕೂತು ಆಸ್ಪತ್ರೆಗೆ ಫೋನು ಮಾಡಿದರು. ಸೇರುವುದು ಖಂಡಿತ, ಆದರೆ ಮೂರು ವಾರ ಬಿಟ್ಟು ಎಂದರು. ಅಲ್ಲಿಯವರು ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದರು. ಮುಕ್ಕಾಲು ಗಂಟೆ ಆ ಫೋನನ್ನು ನಾವು ಮೂವರೂ ದಿಟ್ಟಿಸುತ್ತ ಕೂತೆವು. ಆಮೇಲೆ ಬಂತು. ಮೂರು ವಾರ ಸರಿ, ಅದರ ಮೇಲೆ ಒಂದು ದಿನವೂ ಇಲ್ಲ. ನಾನು ಕುರ್ಚಿಯಿಂದ ಹಾರಿ ಎದ್ದೆ. ಭಾವ ಕೈಸನ್ನೆ ಮಾಡಿ ಕೂರಿಸಿ, ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದರು. ಡಾಕ್ಟರಮ್ಮನನ್ನು ಒಪ್ಪಿಸಿ, ಅವರ ಬಳಿಯೇ ಕೇಳಿ ತಂದ ನಂಬರು.

"ನಮಸ್ಕಾರಮ್ಮ. ಆವತ್ತು ಚಪ್ಪಲಿ ಅಂಗಡಿ ಮೇಲಿನ ಕ್ಲಿನಿಕ್ಕಲ್ಲಿ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂತಿದ್ದವನು ನಾನು. ಆ ಕೆಲಸ ಸಿಕ್ಕಿದ್ದು ನನಗೆ. ಈಗ ಬಿಡ್ತಾ ಇದ್ದೀನಿ. ನೀವು ಬರ್ತೀರಾ?"

ಆ ಕಡೆಯ ದನಿ ನಮಗೂ ಕೇಳುತ್ತಿತ್ತು. ಬಿಗಿಯಾದ ದನಿ. "ಸೇರಿ ಎರಡು ವಾರಾನೂ ಆಗ್ಲಿಲ್ಲ, ಆಗ್ಲೇ ಬಿಡ್ತಿದ್ದೀರಾ? ಅಲ್ಲೇನೋ ಸರಿ ಇಲ್ಲ ಅನ್ನಿ."

"ಹಾಗೆ ಅನ್ಬೇಡಿ," ಎಂದರು ಭಾವ. "ಹತ್ತು ತಿಂಗಳು ನಾನು ಎಲ್ಲಿಗೆ ಹೋದ್ರೂ ಬೇಡ ಅಂದ್ರು. ಈ ಡಾಕ್ಟರಮ್ಮ ಬನ್ನಿ ಅಂದ್ರು. ಕಿಟಕಿ ಪಕ್ಕ ಮೇಜು, ಕೆಲಸಕ್ಕೆ ಒಳ್ಳೇ ಬೆಳಕು. ತಪ್ಪಾದ್ರೆ ನಗ್ತಾರೆ, ಹೀಯಾಳಿಸಲ್ಲ. ನನ್ನ ಹೆಂಡತಿ ನೋವಿಲ್ಲದೆ ನಡೆಯೋದನ್ನ ನೋಡ್ಬೇಕು ಅಂತ ಹೋಗ್ತಿದ್ದೀನಿ. ಅದೊಂದಿಲ್ಲದಿದ್ರೆ ಆ ಮೇಜು ಬಿಟ್ಟು ಏಳ್ತಿರಲಿಲ್ಲ."

ಅಕ್ಕ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಫೋನ್ ಎತ್ತಬೇಡಿ ಎಂದು ಉಪದೇಶಿಸಿದ್ದ ನನಗೆ ನಾಚಿಕೆಯಾಯಿತು.

ಆ ಹೆಂಗಸು ಮತ್ತೆ ಮಾತಾಡಿದಾಗ ದನಿಯ ಬಿಗಿ ಸಡಿಲವಾಗಿತ್ತು.

"ನಂಗೆ ಕೆಲಸ ಹೋಗಿ ಒಂದೂವರೆ ವರ್ಷ ಆಯ್ತು ಸಾರ್. ಆವತ್ತು ಅಲ್ಲಿಂದ ಮನೆವರೆಗೂ ಅಳ್ತಾ ನಡೆದೆ," ಎಂದಳು. "ನಾಳೆ ಎಷ್ಟು ಗಂಟೆಗೆ ಬರ್ಲಿ?"