ಗೋಪಾಳಕ್ಕೆ ಹೋದ ಹಳೇ ನೀರು

2004ರಲ್ಲಿ ನಾವು ಭದ್ರಾವತಿಯ ನ್ಯೂ ಟೌನಿನಲ್ಲಿದ್ದೆವು. ಯಜಮಾನರು ಕಾರ್ಖಾನೆಗೆ ಹೊರಟ ಮೇಲೆ ನಾನು ಶಿವಮೊಗ್ಗದ ಬಸ್ಸು ಹತ್ತಿ, ಅಲ್ಲಿನ ಒಂಬತ್ತು ಮನೆಗಳ ಅಕ್ವೇರಿಯಂಗಳ ಆರೈಕೆ ಮಾಡಿ ಬರುತ್ತಿದ್ದೆ. ಅವುಗಳಲ್ಲಿ ಉಪ್ಪು ನೀರಿನದು ಒಂದೇ, ದುರ್ಗಿಗುಡಿಯಲ್ಲಿ ಬಾಡಿಗೆಗಿದ್ದ ಮಕ್ಕಳ ಡಾಕ್ಟರದು. ಇನ್ನೂರನಲವತ್ತು ಲೀಟರ್ ನೀರು, ಜೀವಂತ ಹವಳ, ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು. ಹವಳ ಕಲ್ಲಲ್ಲ, ಪ್ರಾಣಿ. ನೀರಿನ ಉಪ್ಪು, ಉಷ್ಣತೆ, ಕ್ಷಾರಗುಣ ಒಮ್ಮೆಲೇ ಬದಲಾದರೆ ಮುದುಡಿ ಸಾಯುತ್ತದೆ. ಆದ್ದರಿಂದ ವಾರಕ್ಕೆ ಇಪ್ಪತ್ತನಾಲ್ಕು ಲೀಟರ್ ಮಾತ್ರ ಬದಲಿಸುತ್ತಿದ್ದೆ. ಆ ಹೊಸ ನೀರಿಗೂ ಹಿಂದಿನ ದಿನವೇ ಉಪ್ಪು ಕಲಸಿಡುತ್ತಿದ್ದೆ.

ಡಾಕ್ಟರು ಗೋಪಾಳದಲ್ಲಿ ಮನೆ ಕಟ್ಟಿಸಿದರು. ಗೃಹಪ್ರವೇಶದ ಹಿಂದಿನ ದಿನ ಟ್ಯಾಂಕ್ ಸಾಗಿಸಲು ಹೋದಾಗ ಅವರ ತಾಯಿ ಗಿರಿಜಮ್ಮನವರು ಬಾಗಿಲಲ್ಲೇ ತಡೆದರು.

“ಈ ಮನೆ ಕೊಳೆ ನೀರು ಅಲ್ಲಿ ಹೊಸಲು ದಾಟಬಾರದು ಕಣಮ್ಮ. ಎಲ್ಲಾ ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ಹಾಕು.”

ನನ್ನ ಹತ್ತಿರ ಹದ ಮಾಡಿದ ಹೊಸ ನೀರಿದ್ದದ್ದು ಐವತ್ತೈದು ಲೀಟರ್ ಅಷ್ಟೇ. ಉಪ್ಪು ನೀರಿನ ಸಾಂದ್ರತೆ 1.025 ಇರಬೇಕು, ಕ್ಷಾರಗುಣದ ಅಳತೆ ಕೆ.ಎಚ್. ಎಂಟಿರಬೇಕು ಎಂದು ಶುರುಮಾಡಿದೆ.

“ಅದೆಲ್ಲ ನಿನ್ನ ಕಾನ್ವೆಂಟ್ ಪಾಠ. ನೀರು ಅಂದ್ರೆ ನೀರು!”

ಡಾಕ್ಟರು ಮೆಲ್ಲಗೆ, “ಅಮ್ಮ ಬೇಡ ಅಂದ್ಮೇಲೆ ನನ್ನ ಕೈಲಿ ಏನೂ ಆಗಲ್ಲ ಮೇಡಂ” ಎಂದು ಒಳಗೆ ಹೋದರು. ಮೂರು ವರ್ಷ ಸಾಕಿದ ಹವಳ ಒಂದೇ ದಿನದಲ್ಲಿ ಹೋಗುವುದರಲ್ಲಿತ್ತು. ಅದು ಹೋದರೆ ಉಪ್ಪು ನೀರಿನ ಕೆಲಸ ಇನ್ನು ಯಾರೂ ನನ್ನ ಕೈಗೆ ಕೊಡುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಗಿರಿಜಮ್ಮನವರು ಒಂದು ಸಣ್ಣ ಸ್ಟೀಲ್ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಬೇರೆ ಪಾತ್ರೆಗಳನ್ನೆಲ್ಲ ಆಳುಗಳಿಗೆ ಬಿಟ್ಟಿದ್ದವರು ಇದನ್ನು ಮಾತ್ರ ತಾವೇ ಕಟ್ಟುತ್ತಿದ್ದರು.

“ಏನಮ್ಮ ಅದು?”

“ಹೆಪ್ಪು. ನಮ್ಮತ್ತೆ ಕಾಲದಿಂದ ಬಂದಿದ್ದು. ಅಂಗಡಿ ಮೊಸರು ನಂಗೆ ಸೇರಲ್ಲ.”

“ಹೊಸ ಮನೆ ಹೊಸ ಹಾಲಿಗೂ ಹಳೇದೇ ಬೇಕಾ?”

“ಮತ್ತೆ? ಹಾಲು ತಾನಾಗೇ ಮೊಸರಾಗುತ್ತಾ?”

“ನನ್ನ ಹಳೇ ನೀರೂ ಹಂಗೇ ಅಮ್ಮಾ.”

ಗಿರಿಜಮ್ಮನವರ ಕೈ ಗಂಟಿನ ಮೇಲೇ ನಿಂತಿತು. ಆಮೇಲೆ ನಕ್ಕುಬಿಟ್ಟರು. “ಎಲಾ ಮಾರಾಯ್ತಿ! ತಗೊಂಡು ಹೋಗು. ಆದ್ರೆ ಹಿತ್ತಲ ಬಾಗ್ಲಿಂದ.”

ಆ ಹೋಲಿಕೆ ಪೂರ್ತಿ ಸರಿಯಲ್ಲ. ಮೀನಿನ ಕಲ್ಮಷ ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾ ನೀರಿಗಿಂತ ಟ್ಯಾಂಕಿನ ಕಲ್ಲುಗಳಲ್ಲೇ ಹೆಚ್ಚು. ಅದನ್ನು ಬಿಡಿಸಿ ಹೇಳುವ ಹೊತ್ತು ಅದಾಗಿರಲಿಲ್ಲ.

ಆರು ಕ್ಯಾನ್‌ಗಳಲ್ಲಿ ನೂರೆಂಬತ್ತು ಲೀಟರ್ ಹಳೇ ನೀರು ತುಂಬಿಸಿದೆ. ಮಿಕ್ಕದ್ದು ಹವಳ, ಕಲ್ಲು, ಮೀನು ಮುಳುಗಿದ್ದ ಬಕೆಟ್‌ಗಳಲ್ಲಿತ್ತು; ಕಲಕಿದ ಆ ನೀರನ್ನು ಕೊನೆಗೆ ಚೆಲ್ಲಿ, ಅದರ ಬದಲಿಗೆ ಹೊಸ ನೀರು ಹಾಕುವುದಿತ್ತು. ಲಗೇಜ್ ಆಟೋದವನಿಗೆ ನಗು. “ನೀರು ಹೊರೋಕೆ ಗಾಡಿನಾ ಅಕ್ಕಾ? ಗೋಪಾಳದಲ್ಲಿ ನಲ್ಲಿ ಇಲ್ವಾ?”

ಬೆಳಿಗ್ಗೆಯೇ ಕಳಿಸಿದ್ದ ಹೊಸ ನೀರಿನ ಡ್ರಮ್ ಅಷ್ಟರಲ್ಲಿ ಗೋಪಾಳ ತಲುಪಿ ಬಿಸಿಲಿನಲ್ಲಿ ನಿಂತಿತ್ತು. ಥರ್ಮಾಮೀಟರ್ 31 ಡಿಗ್ರಿ ತೋರಿಸಿತು. ಹಳೇ ನೀರು 26. ಐಸ್ ನೇರವಾಗಿ ಹಾಕಿದರೆ ಕರಗಿ ಉಪ್ಪಿನ ಲೆಕ್ಕ ತಪ್ಪುತ್ತದೆ. ಆದ್ದರಿಂದ ಮುಚ್ಚಳ ಬಿಗಿದ ಐಸ್ ಬಾಟಲಿಗಳನ್ನು ತೇಲಿಬಿಟ್ಟೆ. ತಣ್ಣಗಾದ ಮೇಲೆ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರೆ 1.027, ಉಪ್ಪು ತುಸು ಹೆಚ್ಚು. ಲವಣವೆಲ್ಲ ಸೋಸಿ ತೆಗೆದ ಆರ್.ಓ. ನೀರನ್ನು ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋದೆ. ಸುಮಾರು ಐದು ಲೀಟರ್ ಹಿಡಿದ ಮೇಲೆ ಮುಳ್ಳು 1.025ಕ್ಕೆ ಬಂತು. ಕೆ.ಎಚ್. ಎಂಟು. ಮೊದಲು ಹಳೇ ನೀರು ತುಂಬಿ, ಕಲ್ಲು ಹವಳ ಮೀನು ಬಿಟ್ಟು, ಹೊಸದನ್ನು ಸಣ್ಣ ಕೊಳವೆಯಲ್ಲಿ ಮೂರು ಗಂಟೆ ಕಾಲ ಇಳಿಸಿದೆ.

ಮರುದಿನ ಬೆಳಿಗ್ಗೆ ಹವಳ ಮುದುಡಿಯೇ ಇತ್ತು. ಡಾಕ್ಟರು ನನ್ನ ಮುಖ ನೋಡಲಿಲ್ಲ. ಹೋಮ ಮುಗಿದು ಎಲೆ ಹಾಕುವ ಹೊತ್ತಿಗೆ ಒಂದು ಎಸಳು ಅಲುಗಾಡಿತು. ಅದರ ಪಕ್ಕದ್ದೂ ಅಲುಗಿತು. ನೋಡನೋಡುತ್ತಿದ್ದಂತೆ ಹವಳವೆಲ್ಲ ಅರಳಿ, ಕ್ಲೌನ್ ಮೀನುಗಳು ಅದರೊಳಗೆ ನುಗ್ಗಿ ಹೊರಳಾಡಿದವು. ನನಗೆ ಕುಣಿಯಬೇಕೆನಿಸಿತು. ಸೆರಗು ಬಿಗಿಮಾಡಿಕೊಂಡು ಸುಮ್ಮನಾದೆ.

ನೆಂಟರು ಮುತ್ತಿಕೊಂಡರು. ಎಲ್ಲರ ನಡುವೆ ಗಿರಿಜಮ್ಮನವರ ದನಿ: “ಹಳೇ ನೀರು ತರ್ಲೇಬೇಕು ಅಂತ ನಾನೇ ಹೇಳಿದ್ದು ಕಣ್ರೇ. ಈ ಡಾಕ್ಟರಿಗೆ ಏನು ಗೊತ್ತು!” ಡಾಕ್ಟರು ನನ್ನತ್ತ ನೋಡಿ ಜೋರಾಗಿ ನಕ್ಕರು. ಆ ಪಂಕ್ತಿಯಲ್ಲೇ ಇಬ್ಬರು ನನ್ನ ಫೋನ್ ನಂಬರ್ ಬರೆದುಕೊಂಡರು.

ಆಮೇಲೆ ಯಾವ ಮನೆಗೆ ಹೋದರೂ ಉಪಕರಣದ ಚೀಲ ಬಿಚ್ಚುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಒಂದು ಲೋಟ ಕಾಫಿ ಕುಡಿಯುವುದನ್ನು ರೂಢಿಮಾಡಿಕೊಂಡೆ. ಒಂದೇ ಸಲಕ್ಕೆ ಸುರಿದರೆ ತಾಳದಿರುವುದು ಹವಳ ಮಾತ್ರವಲ್ಲ, ಮನುಷ್ಯರೂ ಹಾಗೆಯೇ ಎಂಬುದನ್ನು ಈ ಕೆಲಸ ನನಗೆ ಕಲಿಸಿತು.